140 ಗಿಗಾಹರ್ಟ್ಸ್ ಹಾಯಿಸಿದರೆ 70ರ ಹತ್ತಿರ ಸಿಗ್ನಲ್ ಯಾಕೆ?

ಸಮ್ಮಿಳನ ಯಂತ್ರದಲ್ಲಿ ಪ್ಲಾಸ್ಮಾವನ್ನು (ವಿದ್ಯುದಾವೇಶದ ಬಿಸಿ ಅನಿಲವನ್ನು) ಮೈಕ್ರೋವೇವ್‌ನಿಂದ ಕಾಯಿಸುವ ಜೈರೊಟ್ರಾನ್ 140 ಗಿಗಾಹರ್ಟ್ಸ್ ಕೊಡುತ್ತಿರುವಾಗ 70ರ ಆಸುಪಾಸಿನಲ್ಲಿ ಸಿಗ್ನಲ್ ಕಂಡರೆ ರಿಸೀವರ್ ಕೆಟ್ಟಿದೆ ಅಂತಲೇ ಅರ್ಥವಾ ಎಂದು ಕೇಳಿದ್ದೀರಿ. ಹಾಗೇನಿಲ್ಲ. ಪ್ಲಾಸ್ಮಾನೇ ಈ ಕೆಲಸ ಮಾಡಬಲ್ಲದು.

ಜೋರಾದ ಅಲೆಯೊಂದು ಒಡೆದು ಎರಡು ಮರಿ ಅಲೆಗಳಾಗುತ್ತದೆ. ಇದಕ್ಕೆ ಪ್ಯಾರಾಮೆಟ್ರಿಕ್ ಡಿಕೇ ಅಂತಾರೆ. ಮರಿಗಳ ಆವರ್ತನ ಕೂಡಿದರೆ 140 ಬರಬೇಕು, ಅಷ್ಟೇ. ಒಂದು 70ಕ್ಕಿಂತ ತುಸು ಮೇಲೆ, ಇನ್ನೊಂದು ಅಷ್ಟೇ ಕೆಳಗೆ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಹಳೇ ಲೆಕ್ಕದಲ್ಲಿ 1 ಮೆಗಾವಾಟ್ ಬೀಮ್‌ಗೆ ಇದು ಆಗಲೇಬಾರದಿತ್ತು. ಮರಿ ಅಲೆಗಳು ಬೆಳೆಯುವ ಮೊದಲೇ ಬೀಮ್ ದಾಟಿ ಹೋಗಿಬಿಡುತ್ತವೆ ಅಲ್ವಾ? ಆದರೆ ಆ ಲೆಕ್ಕ ಪ್ಲಾಸ್ಮಾದ ಸಾಂದ್ರತೆ ಒಳಗಿಂದ ಹೊರಗೆ ನಯವಾಗಿ ಇಳಿಯುತ್ತದೆ ಅಂತ ನಂಬಿಕೊಂಡಿತ್ತು. ಮ್ಯಾಗ್ನೆಟಿಕ್ ಐಲ್ಯಾಂಡ್, ಅಂದರೆ ಕಾಂತಕ್ಷೇತ್ರದ ರೇಖೆಗಳು ತಮ್ಮಷ್ಟಕ್ಕೇ ಸುತ್ತಿಕೊಂಡ ಜಾಗ, ಇದ್ದರೆ ಅದರ ನಡುವೆ ಸಾಂದ್ರತೆ ಸಣ್ಣದಾಗಿ ಉಬ್ಬಬಹುದು. ಅಪ್ಪರ್ ಹೈಬ್ರಿಡ್ ಅನ್ನೋ ಬಗೆಯ ಪ್ಲಾಸ್ಮಾ ಅಲೆಗಳಾದ ಈ ಮರಿಗಳು ಆ ಉಬ್ಬಿನಲ್ಲಿ ಸಿಕ್ಕಿಕೊಂಡು, ಬಾವಿಯೊಳಗೆ ಕೂಗಿದ ಸದ್ದಿನ ಹಾಗೆ, ಅಲ್ಲೇ ಸುತ್ತಾಡುತ್ತಾ ಬೆಳೆಯುತ್ತವೆ. ಜರ್ಮನಿಯ ಟೆಕ್ಸ್‌ಟರ್ ಟೋಕಮ್ಯಾಕ್‌ನಲ್ಲಿ (ಉಂಗುರದಾಕಾರದ ಸಮ್ಮಿಳನ ಯಂತ್ರದಲ್ಲಿ) ಐಲ್ಯಾಂಡ್ ತಿರುಗುವ ಲಯಕ್ಕೆ ತಕ್ಕಂತೆ ಚದುರಿದ ಸಿಗ್ನಲ್ ಏರಿಳಿಯುತ್ತಿತ್ತು.

ಹಾಗಾಗಿ ಮೊದಲು ನಿಮ್ಮ ಸಿಗ್ನಲ್ಲನ್ನು ಐಲ್ಯಾಂಡ್ ತಿರುಗುವಾಗಿನ ಕಾಂತಕ್ಷೇತ್ರದ ಏರಿಳಿತ ಹಿಡಿಯುವ ಮಿರ್ನೋವ್ ಕಾಯಿಲ್‌ನ ಸಿಗ್ನಲ್ ಜೊತೆ ಇಟ್ಟು ನೋಡಿ. ಆಮೇಲೆ ಜೈರೊಟ್ರಾನ್ ಪವರ್ ಹಂತಹಂತವಾಗಿ ಇಳಿಸಿ. ಒಂದು ಮಟ್ಟದ ಕೆಳಗೆ ಸಿಗ್ನಲ್ ದಿಢೀರ್ ಮಾಯವಾದರೆ ಅದು ಡಿಕೇ ಇರಬಹುದು. ಪವರ್ ಜೊತೆಗೇ ನಿಧಾನಕ್ಕೆ ಇಳಿದರೆ ಬೇರೆ ಕಾರಣ ಹುಡುಕಿ.

ಹೀಟಿಂಗ್ ಎಷ್ಟು ಪೋಲಾಯಿತು ಅನ್ನುವುದಕ್ಕಿಂತ ನನಗೆ ಜಾಸ್ತಿ ಚಿಂತೆ ಪಕ್ಕದ ಮೈಕ್ರೋವೇವ್ ರಿಸೀವರ್‌ಗಳದ್ದು. ಅವುಗಳ ನಾಚ್ ಫಿಲ್ಟರ್ (ಒಂದು ಆವರ್ತನವನ್ನಷ್ಟೇ ತಡೆಯುವ ಶೋಧಕ) ತಡೆಯುವುದು 140 ಒಂದನ್ನೇ. ಸರಿದ ಆವರ್ತನಗಳು ಸುಮ್ನೆ ಒಳಗೆ ನುಗ್ಗುತ್ತವೆ.