ಸಂಪಾದಕರ ಉತ್ತರ: ‘ಸಾಲಿ ಬಿಡಿಸಿಲ್ರೀ, ಕಬ್ಬಿಗೆ ಕರ್ಕೊಂಡು ಹೊಂಟೀವಿ’

ಪ್ರೀತಿಯ ಟೀಚರ್,

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಸಂಖ ಭಾಗದ ಕನ್ನಡ ಶಾಲೆಯಿಂದ ನೀವು ಬರೆದ ಪತ್ರ ತಲುಪಿತು. ದೀಪಾವಳಿ ರಜೆ ಮುಗಿದ ಮೇಲೆ ಬೆಂಚುಗಳು ಖಾಲಿಯಾಗುತ್ತವೆ, ಕಬ್ಬು ಕಡಿಯಲು ಹೋದವರ ಮಕ್ಕಳಲ್ಲಿ ಕೆಲವರು ಊರಿಗೆ ಬಂದರೂ ಶಾಲೆಗೆ ಬರುವುದಿಲ್ಲ ಎಂದಿದ್ದೀರಿ. ಏಳನೆಯ ತರಗತಿಯ ಜಾಣ ಹುಡುಗಿಯೊಬ್ಬಳು ಕಳೆದ ವರ್ಷ ಹೀಗೇ ಹೋದಳು, ಈ ಸಲ ಅವಳ ತಂಗಿಯ ಸರದಿ ಎಂದು ಹೆದರಿದ್ದೀರಿ. ಕೊನೆಗೆ, ‘ಓದಿನ ಬೆಲೆ ಗೊತ್ತಿಲ್ಲದ ಪಾಲಕರಿಗೆ ಹೇಗೆ ತಿಳಿಸಿ ಹೇಳೋದು?’ ಎಂದು ಕೇಳಿದ್ದೀರಿ.

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಆ ಕೊನೆಯ ಮಾತನ್ನು ನಾನು ಒಪ್ಪಲಾರೆ. ಆ ಹುಡುಗಿಯ ತಾಯಿ ನಿಮಗೆ ಹೇಳಿದ್ದನ್ನು ನೀವೇ ಬರೆದಿದ್ದೀರಿ: ‘ಸಾಲಿ ಬಿಡಿಸಿಲ್ರೀ, ಕಬ್ಬಿಗೆ ಕರ್ಕೊಂಡು ಹೊಂಟೀವಿ.’ ಅದು ನೆಪವಲ್ಲ. ಆಕೆ ನಿಜವಾಗಿಯೂ ಹಾಗೇ ನಂಬಿದ್ದಾರೆ.

ಅವರ ಲೆಕ್ಕ ನೋಡಿ. ಕೂಲಿಯವರನ್ನು ಕರೆದೊಯ್ಯುವ ಗುತ್ತಿಗೆದಾರ ಮುಕಾದಮನಿಂದ ಉಚಲ್, ಅಂದರೆ ಮುಂಗಡ ಹಣ, ತೆಗೆದುಕೊಂಡಾಗಿದೆ. ಕೋಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ; ಗಂಡ ಹೆಂಡತಿ ಸೇರಿದರೆ ಒಂದು ಕೋಯ್ತಾ ಎಂದು ಲೆಕ್ಕ, ಹಾಗಾಗಿ ಇಬ್ಬರೂ ಹೋಗಲೇಬೇಕು. ನಸುಕಿನಲ್ಲೇ ಗದ್ದೆಗೆ ಇಳಿಯಬೇಕು. ಜೋಪಡಿಯಲ್ಲಿ ಕೈಗೂಸು ಇರುತ್ತದೆ, ನೀರು ತರಬೇಕು, ರೊಟ್ಟಿ ಬಡಿಯಬೇಕು. ಇದನ್ನೆಲ್ಲ ನೋಡಿಕೊಳ್ಳುವವರು ಯಾರು? ಹನ್ನೆರಡು ವರ್ಷದ ಮಗಳು. ಊರಲ್ಲೇ ಬಿಟ್ಟರೆ ಅವಳಿಗೆ ಕಾವಲು ಯಾರು ಅನ್ನುವ ಭಯ ಬೇರೆ. ಓದಿನ ಬೆಲೆ ಗೊತ್ತಿದ್ದ ತಾಯಿಯೂ ಇದನ್ನೇ ಮಾಡುತ್ತಾಳೆ.

ಶಾಲೆ ಬಿಡೋದು ನಿಜವಾಗಿ ನಡೆಯುವುದು ಆಮೇಲೆ, ಅವರು ತಿರುಗಿ ಬಂದ ವಾರ. ಭಿನ್ನರಾಶಿ ಶುರುವಾದಾಗ ಹೋದ ಮಗು ಮಾರ್ಚ್ ಕೊನೆಗೆ ಬಂದು ಕೂತರೆ ಬೋರ್ಡಿನ ಮೇಲಿರುವುದು ಒಂದೂ ಗೊತ್ತಾಗುವುದಿಲ್ಲ. ಪಕ್ಕದವರು ನಗುತ್ತಾರೆ. ಎರಡು ದಿನ ಬರುತ್ತಾಳೆ, ಮೂರನೆಯ ದಿನ ಹೊಟ್ಟೆನೋವು. ಆಗ ಅವಳನ್ನು ಯಾರೂ ಬೈಯುವುದಿಲ್ಲ, ಕರೆಯುವುದೂ ಇಲ್ಲ. ನನಗೆ ಜಾಸ್ತಿ ನೋವಾಗುವುದು ಇಲ್ಲಿ.

ಕಾನೂನಿನಲ್ಲಿ ದಾರಿ ಇಲ್ಲದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಕೊಡಬೇಕು. ವರ್ಗಾವಣೆ ಪತ್ರ ತಡವಾಯಿತು ಎಂದು ವಾಪಸ್ ಕಳಿಸುವ ಹಾಗಿಲ್ಲ. ವಲಸೆ ಹೋಗುವವರ ಮಕ್ಕಳ ದಾಖಲಾತಿ ಸ್ಥಳೀಯ ಆಡಳಿತದ ಹೊಣೆ. ಮಹಾರಾಷ್ಟ್ರದಲ್ಲಿ ಇಂಥ ಮಕ್ಕಳಿಗೆ ಶಿಕ್ಷಣ ಹಮಿ (ಖಾತರಿ) ಕಾರ್ಡ್ ಕೂಡ ಇದೆ. ಅದನ್ನು ತೋರಿಸಿ ಹೋದ ಊರಿನ ಶಾಲೆಯಲ್ಲಿ ಕೂರಬಹುದು.

ಆದರೆ ನಮ್ಮ ಮಕ್ಕಳಿಗೆ ಇಲ್ಲೊಂದು ತೊಡಕಿದೆ. ಸಾಂಗಲಿ, ಕೊಲ್ಹಾಪುರದ ಕಬ್ಬಿನ ಊರುಗಳಲ್ಲಿ ಕಾರ್ಡ್ ಒಪ್ಪಿಕೊಂಡ ಶಾಲೆಯೂ ಪಾಠ ಮಾಡುವುದು ಮರಾಠಿಯಲ್ಲೇ. ಕನ್ನಡದಲ್ಲಿ ಗಣಿತ ಕಲಿತ ಮಗು ಅಲ್ಲಿ ಸುಮ್ನೆ ಕೂತು ಬರಬೇಕು, ಅಲ್ವಾ? ಇದೇ ಕಷ್ಟ ಮುಂದೆ ಹೈಸ್ಕೂಲಿಗೆ ಹೋಗುವಾಗ ಮತ್ತೆ ಎದುರಾಗುತ್ತದೆ. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಅದು ತಾಯಿನುಡಿಯ ಪಾಠದ ಬಗ್ಗೆ ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಆಮೇಲೆ ಹತ್ತಿರದಲ್ಲಿ ಕನ್ನಡ ಹೈಸ್ಕೂಲ್ ಇಲ್ಲದಿದ್ದರೆ ಮಗು ಭಾಷೆ ಬದಲಿಸಬೇಕು, ಇಲ್ಲವೇ ಬಸ್ಸು ಹಿಡಿಯಬೇಕು. ಹುಡುಗಿಯರು ಎಷ್ಟೋ ಸಲ ಇಲ್ಲೇ ನಿಂತುಬಿಡುತ್ತಾರೆ. ಆದ್ದರಿಂದ ಚಿಕ್ಕ ತರಗತಿಯಿಂದಲೇ ಮರಾಠಿಯನ್ನು ಚೆನ್ನಾಗಿ ಕಲಿಸಿ. ಕನ್ನಡದ ಮೇಲಿನ ಪ್ರೀತಿ ಅದರಿಂದ ಕಡಿಮೆಯಾಗುವುದಿಲ್ಲ.

ಅದಕ್ಕೇ, ಕಾರ್ಡಿಗಿಂತ ಒಳ್ಳೆಯದು ಮಗು ಊರಲ್ಲೇ ಉಳಿಯುವುದು. ಅದಕ್ಕಾಗಿಯೇ ಹಂಗಾಮಿ ವಸತಿಗೃಹದ ಯೋಜನೆ ಇದೆ. ಸುಗ್ಗಿ ಮುಗಿಯುವವರೆಗೆ ಮಕ್ಕಳ ಊಟ, ಆರೈಕೆ ಊರಲ್ಲೇ ನಡೆಯುತ್ತದೆ. ಇದನ್ನು ಕೇಳಬೇಕಾದದ್ದು ನಿಮ್ಮ ಶಾಲಾ ವ್ಯವಸ್ಥಾಪನ ಸಮಿತಿ. ಅದರ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಅರ್ಧದಷ್ಟು ಹೆಂಗಸರು. ಕಬ್ಬಿಗೆ ಹೋಗುವ ಮನೆಯವರು ಆ ಸಮಿತಿಯಲ್ಲಿ ಇದ್ದಾರಾ, ನೋಡಿ. ಯಾರ ಮಕ್ಕಳು ಹೋಗುತ್ತಾರೆ, ಯಾರ ಮನೆಯಲ್ಲಿ ಅಜ್ಜ ಅಜ್ಜಿ ಉಳಿಯುತ್ತಾರೆ ಎಂದು ದಸರೆಗೆ ಮುಂಚೆಯೇ ಪಟ್ಟಿ ಬರೆಯಿರಿ. ಬೆಂಚು ಖಾಲಿಯಾದ ಮೇಲೆ ಅರ್ಜಿ ಹಾಕಿದರೆ ಹಣ ಬರುವ ಹೊತ್ತಿಗೆ ಸುಗ್ಗಿ ಮುಗಿದಿರುತ್ತದೆ.

ಜತ್ತದ ಪೂರ್ವ ಭಾಗದ ಹೊಲಗಳಿಗೆ ಕೃಷ್ಣೆಯ ನೀರು ಸರಿಯಾಗಿ ಬಂದರೆ ಈ ಪಟ್ಟಿ ತಾನಾಗಿ ಸಣ್ಣದಾಗುತ್ತದೆ. ಆ ನೀರು ತರುವ ಮ್ಹೈಸಾಳ ಏತ ನೀರಾವರಿ ಯೋಜನೆಯ ಮಾತು ಬಂದಾಗಲೆಲ್ಲ ನನಗೆ ನಿಮ್ಮ ಶಾಲೆಯಂಥ ಶಾಲೆಗಳ ಹಾಜರಿ ಪುಸ್ತಕವೇ ನೆನಪಾಗುತ್ತದೆ.

ಆ ಅಕ್ಕತಂಗಿಯರ ಮನೆಯಲ್ಲಿ ಅಜ್ಜಿ ಊರಲ್ಲೇ ಇರುತ್ತಾರೆ ಎಂದೂ ಬರೆದಿದ್ದೀರಿ. ಟ್ರ್ಯಾಕ್ಟರ್ ಹೊರಡಲು ಇನ್ನೂ ಕೆಲವು ವಾರಗಳಿವೆ. ತಾಯಿಗಿಂತ ಮೊದಲು ಅಜ್ಜಿಯ ಜೊತೆ ಕೂತು ಮಾತಾಡಿ. ರಾತ್ರಿ ಊಟ, ಮಲಗುವ ಜಾಗ, ಜ್ವರ ಬಂದರೆ ಯಾರನ್ನು ಕರೆಯಬೇಕು, ಇಷ್ಟನ್ನು ತೀರ್ಮಾನ ಮಾಡಿಕೊಳ್ಳಿ. ಹಾಗೇ ಅಕ್ಕನನ್ನೂ ಒಮ್ಮೆ ಕರೆಸಿ. ಅವಳ ಹೆಸರು ಇನ್ನೂ ನಿಮ್ಮ ಹಾಜರಿ ಪುಸ್ತಕದಲ್ಲಿದೆಯಾ?