ಕಲ್ಲಿದ್ದಲಿನ ಗಂಧಕಕ್ಕೂ ಸುಣ್ಣವೇ ಮದ್ದಾ?

ಪ್ರಶ್ನೆ: ಕಾಫಿ ತೋಟದ ಮಣ್ಣಿನ ಹುಳಿ ಕಡಿಮೆ ಮಾಡಲು ನಾವು ಸುಣ್ಣ ಹಾಕುತ್ತೇವೆ. ಕಲ್ಲಿದ್ದಲಿನಿಂದ ಓಡುವ ಗ್ಯಾಸ್ ಟರ್ಬೈನ್‌ನಲ್ಲೂ ಗಂಧಕದ ಹೊಗೆ ತಡೆಯಲು ಸುಣ್ಣದಕಲ್ಲನ್ನೇ ಬಳಸುತ್ತಾರಂತೆ, ನಿಜವಾ ಸರ್?
– ಓದುಗರು, ಸೋಮವಾರಪೇಟೆ

ಉತ್ತರ: ನಿಜ, ಆದರೆ ಅದೊಂದೇ ದಾರಿ ಅಲ್ಲ. ಗ್ಯಾಸ್ ಟರ್ಬೈನ್ ಅಂದರೆ ಬಿಸಿ ಅನಿಲದ ರಭಸಕ್ಕೆ ಬ್ಲೇಡುಗಳು ತಿರುಗುವ, ವಿದ್ಯುತ್ ತಯಾರಿಸಲು ಬಳಸುವ ಯಂತ್ರ. ಕಲ್ಲಿದ್ದಲನ್ನು ಸುಮ್ನೆ ಪುಡಿ ಮಾಡಿ ಟರ್ಬೈನ್ ಒಳಗೆ ಉರಿಸಿದರೆ ಬೂದಿ ಬ್ಲೇಡುಗಳನ್ನು ಸವೆಸಿಬಿಡುತ್ತದೆ. ಹಾಗಾಗಿ ಹೊರಗೇ ಉರಿಸಬೇಕು. ಒತ್ತಡದ ಗಾಳಿ ತುಂಬಿದ ದೊಡ್ಡ ಪಾತ್ರೆಯಲ್ಲಿ ಕಲ್ಲಿದ್ದಲೂ, ನೀವು ತೋಟಕ್ಕೆ ಹಾಕುವಂಥದೇ ಡಾಲಮೈಟ್ ಇಲ್ಲವೇ ಸುಣ್ಣದಕಲ್ಲಿನ ಪುಡಿಯೂ ಕುದಿಯುವ ಅನ್ನದ ಹಾಗೆ ಎದ್ದು ಬಿದ್ದು ಸುಮಾರು 850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉರಿಯುತ್ತವೆ, ಗಂಧಕ ಅಲ್ಲೇ ಸುಣ್ಣದ ಜೊತೆ ಸೇರಿ ಒಣ ಪುಡಿಯಾಗಿ ಬೂದಿಯೊಂದಿಗೆ ಹೊರಬರುತ್ತದೆ. ಧೂಳು ಸೋಸಿದ ಬಿಸಿ ಹೊಗೆ ಟರ್ಬೈನ್ ತಿರುಗಿಸುತ್ತದೆ.

ನನಗೆ ಜಾಸ್ತಿ ಇಷ್ಟವಾಗುವುದು ಎರಡನೆಯ ದಾರಿ. ಕಲ್ಲಿದ್ದಲಿಗೆ ಪೂರ್ತಿ ಉರಿಯುವಷ್ಟು ಆಮ್ಲಜನಕ ಕೊಡದೆ ಅದನ್ನು ಅನಿಲವಾಗಿ ಮಾಡುತ್ತಾರೆ. ಆಗ ಗಂಧಕದ ಹೆಚ್ಚಿನ ಪಾಲು ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಉರಿಸುವ ಮೊದಲೇ, ಅನಿಲ ಇನ್ನೂ ಒತ್ತಡದಲ್ಲಿ ಸಣ್ಣ ಜಾಗದಲ್ಲಿರುವಾಗಲೇ, ಹೈಡ್ರೋಜನ್ ಸಲ್ಫೈಡನ್ನು ಹೀರಿಕೊಳ್ಳುವ ಅಮೈನ್‌ನಂಥ ರಾಸಾಯನಿಕ ದ್ರವದಲ್ಲಿ ತೊಳೆದು ಅದನ್ನು ತೆಗೆಯುತ್ತಾರೆ. ಶುದ್ಧವಾದ ಅನಿಲವನ್ನು ಆಮೇಲೆ ಟರ್ಬೈನ್‌ನಲ್ಲಿ ಉರಿಸುತ್ತಾರೆ. ಚಿಮಣಿಯಲ್ಲಿ ಹರಡಿದ ಹೊಗೆಯನ್ನು ಹಿಡಿಯುವುದಕ್ಕಿಂತ ಇದು ಸುಲಭ ಅಲ್ವಾ? ನೂರರಲ್ಲಿ 95ಕ್ಕೂ ಹೆಚ್ಚು ಪಾಲು ಗಂಧಕ ಹೀಗೆ ಸಿಗುತ್ತದೆ. ಅದು ಕಸವೂ ಅಲ್ಲ, ಗೊಬ್ಬರದ ಕಾರ್ಖಾನೆಗೆ ಬೇಕಾದ ಗಂಧಕಾಮ್ಲವಾಗುತ್ತದೆ. ಅಮೆರಿಕದ ಫ್ಲಾರಿಡಾದ ಪೋಲ್ಕ್ ವಿದ್ಯುತ್ ಸ್ಥಾವರ 1996ರಲ್ಲಿ ಇದೇ ಕ್ರಮದಲ್ಲಿ ಶುರುವಾಯಿತು. ಖರ್ಚು ಮಾತ್ರ ಭಾರೀ.