ಅಂಗಡಿಯ ಬಾಗಿಲಿನ ಬಂದೂಕು ನಿಷೇಧ ಫಲಕದ ಕುರಿತು

ನಮಸ್ಕಾರ. ಟೆಕ್ಸಸ್‌ನಲ್ಲಿ ದಿನಸಿ ಅಂಗಡಿ ತೆರೆಯಲಿರುವ ನೀವು, ಪಿಸ್ತೂಲಿನ ಚಿತ್ರದ ಮೇಲೆ ಕೆಂಪು ಗೆರೆ ಎಳೆದ ಸ್ಟಿಕ್ಕರನ್ನು ಬಾಗಿಲಿಗೆ ಅಂಟಿಸಿದರೆ ಸಾಕೇ ಎಂದು ಕೇಳಿದ್ದೀರಿ. ಪರವಾನಗಿ ಪಡೆದವರ ಮಟ್ಟಿಗೆ ಅದು ಖಂಡಿತ ಸಾಲದು.

ಅಲ್ಲಿನ ದಂಡ ಸಂಹಿತೆಯ 30.06ನೇ ಕಲಮು ಪರವಾನಗಿದಾರರು ಮರೆಮಾಡಿ ಒಯ್ಯುವ ಕೈಬಂದೂಕಿಗೂ, 2016ರಿಂದ ಜಾರಿಯಲ್ಲಿರುವ 30.07ನೇ ಕಲಮು ಕಾಣುವಂತೆ ಒಯ್ಯುವುದಕ್ಕೂ ಅನ್ವಯಿಸುತ್ತದೆ. ಎರಡೂ ಬೇಡವಾದರೆ ಎರಡು ಫಲಕಗಳು ಬೇಕು. ಕಾನೂನಿನಲ್ಲಿರುವ ವಾಕ್ಯವನ್ನೇ, ಒಂದು ಪದವನ್ನೂ ಬದಲಿಸದೆ, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಬರೆಸಬೇಕು. ಅಕ್ಷರಗಳು ಕನಿಷ್ಠ ಒಂದು ಇಂಚು ಎತ್ತರವಿದ್ದು, ಹಿನ್ನೆಲೆಯಿಂದ ಎದ್ದು ಕಾಣುವ ಬಣ್ಣದಲ್ಲಿರಬೇಕು. ಫಲಕ ಕೈಗೆ ಬಂದ ಕೂಡಲೇ ಅಳತೆಪಟ್ಟಿ ಇಟ್ಟು ಅಕ್ಷರಗಳನ್ನು ಅಳೆದು ನೋಡಿ. ಗಾಜಿನ ಬಾಗಿಲು ಪಕ್ಕಕ್ಕೆ ಸರಿದಾಗ ಬರಹ ಮರೆಯಾಗುವುದಾದರೆ, ಫಲಕವನ್ನು ಬಾಗಿಲಿನ ಬದಲು ಅದರ ಪಕ್ಕದ ಸ್ಥಿರವಾದ ಗಾಜಿಗೆ ಹಾಕಿಸುವುದು ಲೇಸು.

2021ರ ಸೆಪ್ಟೆಂಬರ್ 1ರಿಂದ ಪರವಾನಗಿಯಿಲ್ಲದ ಅನೇಕರಿಗೂ ಕೈಬಂದೂಕು ಒಯ್ಯಲು ಅವಕಾಶ ದೊರೆತಿರುವುದರಿಂದ, ಅವರಿಗಾಗಿ 30.05ನೇ ಕಲಮಿನ ಮೂರನೆಯ ಫಲಕವನ್ನೂ ಪ್ರತಿ ಪ್ರವೇಶದ್ವಾರದಲ್ಲಿ ಹಾಕಿಸುವುದು ಒಳ್ಳೆಯದು.

ಫಲಕವನ್ನು ಮೀರಿ ಒಳಬಂದ ಪರವಾನಗಿದಾರನಿಗೆ ಸಾಮಾನ್ಯವಾಗಿ 200 ಡಾಲರ್‌ವರೆಗಿನ ದಂಡವಷ್ಟೇ ಇದೆ. ಆದರೆ ನೀವು ಬಾಯಿಮಾತಿನಲ್ಲಿ ತಿಳಿಸಿದ ಮೇಲೂ ಆತ ಹೊರಹೋಗದಿದ್ದರೆ ಅಪರಾಧದ ದರ್ಜೆ ಏರುತ್ತದೆ. ಆದ್ದರಿಂದ ಗಲ್ಲಾಪೆಟ್ಟಿಗೆಯ ಬಳಿ ಇರುವವರಿಗೆ, ವಾದಕ್ಕಿಳಿಯದೆ ಒಮ್ಮೆ ಸ್ಪಷ್ಟವಾಗಿ ಹೇಳಿ, ಕೇಳದಿದ್ದರೆ ಪೊಲೀಸರನ್ನು ಕರೆಯುವಂತೆ ಮೊದಲೇ ತಿಳಿಸಿಡಿ. ಅವರ ಸುರಕ್ಷತೆಯೇ ಇಲ್ಲಿ ಮುಖ್ಯ.